ಸಮರ್ಪಣೆ ಮತ್ತು ಒತ್ತಾಯ: ದೆ ಲಾ ಕ್ರೂಸ್ ಹೆಸರಿನ ಮೂವರು

ಮನುಷ್ಯನು ತನ್ನ ಬುದ್ಧಿಯನ್ನು ದೇವರಿಗೆ ಒಪ್ಪಿಸುವುದೆಂದರೇನು, ಹಾಗೆ ಒಪ್ಪಿಸೆಂದು ಇನ್ನೊಬ್ಬರು ಆಜ್ಞಾಪಿಸಬಹುದೇ ಎಂಬ ಪ್ರಶ್ನೆ ಕ್ರೈಸ್ತ ಅನುಭಾವದ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದ್ದಿದೆ. ಸ್ಪೇನಿನಲ್ಲಿಯೂ ಅದರ ಆಳ್ವಿಕೆಯಲ್ಲಿದ್ದ ಮೆಕ್ಸಿಕೋದಲ್ಲಿಯೂ ಈ ಪ್ರಶ್ನೆಯನ್ನು ತಮ್ಮ ಬದುಕಿನಲ್ಲಿಯೇ ಎದುರಿಸಿದ ಮೂವರು ‘ದೆ ಲಾ ಕ್ರೂಸ್’, ಅಂದರೆ ‘ಶಿಲುಬೆಯ’, ಎಂಬ ಒಂದೇ ಹೆಸರನ್ನು ಹೊತ್ತಿದ್ದರು. ಇಂದು ಮೆಕ್ಸಿಕೋ, ಫಿಲಿಪ್ಪೀನ್ಸ್‌ಗಳಲ್ಲಿ ಸಾಮಾನ್ಯ ಕುಲನಾಮವಾಗಿರುವ, ಪೋರ್ಚುಗೀಸ್ ರೂಪದ ಮೂಲಕ ಕರಾವಳಿ ಕರ್ನಾಟಕದ ಕ್ಯಾಥೊಲಿಕರಲ್ಲಿ ಡಿಕ್ರೂಜ್ ಎಂದು ಉಳಿದಿರುವ ಈ ಹೆಸರು, ಮನೆತನದ ಹೆಸರನ್ನು ತೊರೆದು ಮಠ ಸೇರಿದವರು ದೀಕ್ಷೆಯ ವೇಳೆ ಧರಿಸುತ್ತಿದ್ದ ಹೆಸರೂ ಆಗಿತ್ತು.

ಮೂವರಲ್ಲಿ ಮೊದಲಿಗಳಾದ ಇಸಬೆಲ್ ದೆ ಲಾ ಕ್ರೂಸ್, ಮಠದ ಹೊರಗಿದ್ದುಕೊಂಡೇ ವ್ರತಗಳನ್ನು ಪಾಲಿಸುವವರಿಗಾಗಿ ಇದ್ದ ಫ್ರಾನ್ಸಿಸ್ಕನ್ ಮೂರನೆಯ ಸಂಘಕ್ಕೆ ಸೇರಿದವಳು. ಸಾಧಕನು ತನ್ನ ಸ್ವಂತ ಪ್ರಯತ್ನವನ್ನು ಕೈಬಿಟ್ಟು ದೇವರ ಪ್ರೀತಿಗೆ ತನ್ನನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕೆಂದು ಆಕೆ ಗ್ವಾದಲಹಾರಾ ಪಟ್ಟಣದಲ್ಲಿ ಬೋಧಿಸುತ್ತಿದ್ದಳು. ಆಕೆಯ ಬಳಗವನ್ನು ‘ಆಲುಂಬ್ರಾದೋ’, ಅಂದರೆ ಒಳಬೆಳಕು ಕಂಡವರು, ಎಂದು ಕರೆಯಲಾಗುತ್ತಿತ್ತು. ಮಧ್ಯವರ್ತಿಯಿಲ್ಲದ ಈ ಸಮರ್ಪಣೆಯಲ್ಲಿ ಅಪಾಯವನ್ನು ಕಂಡ ಇನ್‌ಕ್ವಿಸಿಷನ್, ಎಂದರೆ ಧರ್ಮದ್ರೋಹವನ್ನು ವಿಚಾರಿಸುವ ನ್ಯಾಯಮಂಡಳಿ, 1524ರಲ್ಲಿ ಆಕೆಯನ್ನು ಬಂಧಿಸಿ 1529ರಲ್ಲಿ ಬಹಿರಂಗವಾಗಿ ಶಿಕ್ಷೆ ವಿಧಿಸಿತು.

1542ರಲ್ಲಿ ಆವಿಲಾದ ಸಮೀಪದ ಫೊಂತಿವೇರೋಸ್‌ನಲ್ಲಿ ಬಡ ನೇಕಾರರ ಮಗನಾಗಿ ಹುಟ್ಟಿದ ಹುವಾನ್ ದೆ ಯೆಪೆಸ್, ಸಾಲಮಾಂಕಾದಲ್ಲಿ ತತ್ತ್ವಶಾಸ್ತ್ರ ಓದಿ, ಕಾರ್ಮೆಲೈಟ್ ಸಂಘವನ್ನು ಅದರ ಮೊದಲಿನ ಕಠಿಣ ನಿಯಮಕ್ಕೆ ಮರಳಿಸುವ ಕಾರ್ಯದಲ್ಲಿ ಸಂತ ತೆರೇಸಾಳೊಂದಿಗೆ ಕೈಜೋಡಿಸಿದನು. 1568ರಲ್ಲಿ ದುರುವೇಲೊದಲ್ಲಿ ಆ ಸುಧಾರಣೆಯ ಮೊದಲ ಪುರುಷ ಮಠ ಆರಂಭವಾದಾಗ ಹುವಾನ್ ದೆ ಲಾ ಕ್ರೂಸ್ ಎಂಬ ಹೆಸರನ್ನು ಸ್ವೀಕರಿಸಿದನು. ಆತನ ಬೋಧನೆಯ ತಿರುಳಾದ ‘ಕತ್ತಲ ರಾತ್ರಿ’ ಎಂದರೆ, ಇಂದ್ರಿಯಗಳ ಸುಖವಷ್ಟೇ ಅಲ್ಲ, ಬುದ್ಧಿಯು ದೇವರ ಬಗ್ಗೆ ಕಟ್ಟಿಕೊಂಡ ಕಲ್ಪನೆಗಳೂ ಕಳಚಿಹೋಗುವ ಸ್ಥಿತಿ. 1577ರ ಡಿಸೆಂಬರಿನಲ್ಲಿ ಸುಧಾರಣೆಯನ್ನು ವಿರೋಧಿಸಿದ ಸ್ವಂತ ಸಂಘದವರೇ ಆತನನ್ನು ಟೊಲೆಡೊದ ಮಠದಲ್ಲಿ ಸೆರೆಯಿಟ್ಟು, ಸುಧಾರಣೆಯನ್ನು ಕೈಬಿಡುವಂತೆ ಒತ್ತಾಯಿಸಿದಾಗ ಆತ ಒಪ್ಪಲಿಲ್ಲ. ಮರುವರ್ಷದ ಆಗಸ್ಟಿನಲ್ಲಿ ಸೆರೆಯಿಂದ ತಪ್ಪಿಸಿಕೊಂಡನು. ಎಲ್ಲವನ್ನೂ ತೊರೆಯಬೇಕೆಂದು ಬೋಧಿಸಿದವನು ಇತರರು ಹೇರಿದ ತೊರೆಯುವಿಕೆಯನ್ನು ನಿರಾಕರಿಸಿದ್ದರಲ್ಲಿ ವಿರೋಧವಿಲ್ಲ. ತರ್ಕಬದ್ಧ ಧ್ಯಾನವನ್ನು ಬಿಡಲು ಯಾವಾಗ ಕಾಲ ಕೂಡಿಬಂದಿದೆಯೆಂದು ತಿಳಿಯಲು ಆತ ಮೂರು ಲಕ್ಷಣಗಳನ್ನು ಹೇಳಿದ್ದಾನೆ; ಅವೆಲ್ಲವೂ ಸಾಧಕನ ಅಂತರಂಗದಲ್ಲಿ ಕಾಣಬೇಕಾದವು. ‘ಪ್ರೇಮದ ಜೀವಂತ ಜ್ವಾಲೆ’ ಎಂಬ ಕೃತಿಯ ವ್ಯಾಖ್ಯಾನದಲ್ಲಿ, ಶಿಷ್ಯನ ಸ್ಥಿತಿಯನ್ನರಿಯದೆ ತಮಗೆ ಗೊತ್ತಿರುವ ಒಂದೇ ದಾರಿಗೆ ಎಳೆಯುವ ಗುರುಗಳನ್ನು, ಸುತ್ತಿಗೆಯ ಹೊಡೆತವೊಂದನ್ನೇ ಬಲ್ಲ ಕಮ್ಮಾರರಿಗೆ ಹೋಲಿಸಿ ಆತ ಕಟುವಾಗಿ ಖಂಡಿಸುತ್ತಾನೆ.

ಮೆಕ್ಸಿಕೋದ ಹುವಾನಾ ಇನೆಸ್ ದೆ ಲಾ ಕ್ರೂಸ್ 1667ರಲ್ಲಿ ಇದೇ ಸುಧಾರಿತ ಕಾರ್ಮೆಲೈಟ್ ಪರಂಪರೆಯ ಮಠವನ್ನು ಸೇರಿ, ಕೆಲವೇ ತಿಂಗಳಲ್ಲಿ ಅದನ್ನು ಬಿಟ್ಟು, 1669ರಲ್ಲಿ ಸಂತ ಜೆರೋಮನ ಹೆಸರಿನ ಮಠದಲ್ಲಿ ಸನ್ಯಾಸ ಸ್ವೀಕರಿಸಿದಳು. ಕವಿಯಾಗಿಯೂ ವಿದುಷಿಯಾಗಿಯೂ ಪ್ರಸಿದ್ಧಳಾದ ಆಕೆ, ಪೋರ್ಚುಗೀಸ್ ಜೆಸ್ವಿಟ್ ಪಾದ್ರಿ ಆಂತೋನಿಯೊ ವಿಯೇರಾನ ಉಪದೇಶವೊಂದನ್ನು ವಿಮರ್ಶಿಸಿ ಬರೆದುದನ್ನು 1690ರಲ್ಲಿ ಪ್ವೆಬ್ಲಾದ ಬಿಷಪ್ ಪ್ರಕಟಿಸಿದನು; ಜೊತೆಗೆ ‘ಸೋರ್ ಫಿಲೋತೆಯಾ ದೆ ಲಾ ಕ್ರೂಸ್’ ಎಂಬ ಸನ್ಯಾಸಿನಿಯ ಕಲ್ಪಿತ ಹೆಸರಿನಲ್ಲಿ, ಲೌಕಿಕ ವಿದ್ಯೆಗಿಂತ ಧರ್ಮಗ್ರಂಥಗಳತ್ತ ಮನಸ್ಸಿಡುವಂತೆ ಆಕೆಗೆ ಬುದ್ಧಿ ಹೇಳಿದನು. 1691ರ ಉತ್ತರದಲ್ಲಿ ಹುವಾನಾ, ದೈವಶಾಸ್ತ್ರದ ಶಿಖರವನ್ನು ತಲುಪಲು ಮಾನವ ವಿದ್ಯೆಗಳು ಮೆಟ್ಟಿಲುಗಳೆಂದೂ, ತಿಳಿಯುವ ಹಂಬಲವನ್ನು ತನ್ನಲ್ಲಿ ಇಟ್ಟವನು ದೇವರೇ ಎಂದೂ ವಾದಿಸಿದಳು.

ವಿಧೇಯತೆಯ ವ್ರತ ತೊಟ್ಟವಳು ಹಿರಿಯರ ಮಾತಿಗೆ ತಲೆಬಾಗಬೇಕಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ. ಆದರೆ ವ್ರತಕ್ಕೆ ಬೆಲೆ ಬರುವುದೇ ಅದು ಸ್ವತಂತ್ರ ಸಂಕಲ್ಪದಿಂದ ಕೊಟ್ಟ ಕಾಣಿಕೆಯಾಗಿರುವುದರಿಂದ. ಆ ಕಾಣಿಕೆಯನ್ನು ನೆಪಮಾಡಿ ದೇವರು ಕೇಳದಿರುವುದನ್ನೂ ಕಿತ್ತುಕೊಳ್ಳುವವನು ವ್ರತವನ್ನು ಕಾಯುವುದಿಲ್ಲ, ಅದರ ಮೂಲವನ್ನೇ ಕಡಿಯುತ್ತಾನೆ. ಹುವಾನ್ ಬುದ್ಧಿಯನ್ನು ಮೀರಿದ್ದು ಅದನ್ನು ಪೂರ್ತಿಯಾಗಿ ದುಡಿಸಿಕೊಂಡ ಮೇಲೆ, ತನ್ನದೇ ಪ್ರೀತಿಯ ಒತ್ತಡದಿಂದ. ಹುವಾನಾಳಿಗಾದರೋ ಆ ದಾರಿಯ ಕೊನೆಯನ್ನು ಮೊದಲೇ ಗೊತ್ತುಮಾಡಿ ಮುಂದಿಡಲಾಯಿತು.

1694ರಲ್ಲಿ ಹುವಾನಾ ತನ್ನ ರಕ್ತದಿಂದ ಸಹಿಮಾಡಿ ವ್ರತಗಳನ್ನು ನವೀಕರಿಸಿದಳು. ಬಡವರಿಗಾಗಿ ತನ್ನ ಪುಸ್ತಕಗಳನ್ನು ಮಾರಿದಳೆಂದು ಆಕೆಯ ಮೊದಲ ಚರಿತ್ರೆಕಾರ ಕಾಯೆಹಾ ಬರೆದನು. ಮರುವರ್ಷ ಸಾಂಕ್ರಾಮಿಕ ರೋಗಕ್ಕೆ ತುತ್ತಾದ ಸೋದರಿ ಸನ್ಯಾಸಿನಿಯರನ್ನು ಉಪಚರಿಸುತ್ತ ಆಕೆ ತೀರಿಕೊಂಡಳು. ಆ ತ್ಯಾಗ ನಿಜವಾದ ವೈರಾಗ್ಯವೋ ಅಧಿಕಾರಕ್ಕೆ ಒಪ್ಪಿದ ಸೋಲೋ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಒತ್ತಾಯದ ಅತ್ಯಂತ ಆಳವಾದ ಅನ್ಯಾಯ ಇರುವುದು ಇಲ್ಲಿಯೇ: ಆಕೆ ಮನಃಪೂರ್ವಕವಾಗಿ ತೊರೆದಿದ್ದರೂ ಆ ತೊರೆಯುವಿಕೆಯನ್ನು ಆಕೆಯದೆಂದು ನಿಶ್ಚಯವಾಗಿ ಹೇಳಲು ಯಾರಿಗೂ ಸಾಧ್ಯವಿಲ್ಲದಂತೆ ಅದು ಮಾಡುತ್ತದೆ. ಆದ್ದರಿಂದ ಸಮರ್ಪಣೆಯನ್ನು ನಿಜವಾಗಿ ಗೌರವಿಸುವ ಧರ್ಮವು ಮೊದಲು ಕಾಪಾಡಬೇಕಾದುದು, ಒಪ್ಪಿಸಲಾರೆ ಎಂದು ಹೇಳುವ ಮನುಷ್ಯನ ಸ್ವಾತಂತ್ರ್ಯವನ್ನು.