ಗಿರಿಪಥವೂ ದಿಗ್ವ್ರತವೂ

ಯಾದಗಿರಿಯಿಂದ ಶಹಾಪುರಕ್ಕೆ ಹೊರಟವನು ಭೀಮಾನದಿಯನ್ನು ದಾಟುತ್ತಾನೆ. ಸುರಪುರವನ್ನು ಕಳೆದು ದಕ್ಷಿಣಕ್ಕೆ ಸಾಗಿದವನಿಗೆ ಕೃಷ್ಣೆ ಎದುರಾಗುತ್ತಾಳೆ. ಈ ಎರಡು ನದಿಗಳ ನಡುವಣ ನೆಲದಲ್ಲಿ ಬೋಳು ಬಂಡೆಗಳ ಬೆಟ್ಟಸಾಲುಗಳು ಹಬ್ಬಿವೆ. ಯಾದಗಿರಿಯ ಕೋಟೆಬೆಟ್ಟ ಊರಿನ ನಡುವೆಯೇ ಎದ್ದು ನಿಂತಿದೆ. ಶಹಾಪುರದ ಬೆಟ್ಟಗಳು ಒಂದು ದಿಕ್ಕಿನಿಂದ ನೋಡಿದಾಗ ಮಲಗಿದ ಬುದ್ಧನ ಆಕಾರವನ್ನು ತೋರುತ್ತವೆ. ಸುರಪುರವಂತೂ ಬೆಟ್ಟಗಳ ಮಡಿಲಲ್ಲೇ ನೆಲೆಸಿದ ನಾಯಕರ ರಾಜಧಾನಿ.

ಗೃಹಸ್ಥನು ದಿಗ್ವ್ರತವನ್ನು ಸ್ವೀಕರಿಸುವಾಗ ಯಾವುದನ್ನು ಮೇರೆಯಾಗಿ ಇಟ್ಟುಕೊಳ್ಳಬೇಕೆಂಬುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಸಮುದ್ರ, ನದಿ, ಅಡವಿ, ಬೆಟ್ಟ, ದೇಶ, ಯೋಜನ ಇವು ಎಲ್ಲರೂ ಬಲ್ಲ ಗುರುತುಗಳು. ಆ ದೃಷ್ಟಿಯಿಂದ ಈ ಪ್ರದೇಶದ ಶ್ರಾವಕನಿಗೆ ಮೇರೆಗಳು ಮನೆಯಂಗಳದಿಂದಲೇ ಕಾಣುತ್ತವೆ. ಆದರೆ ಯಾವ ಬೆಟ್ಟವನ್ನು ಹಿರಿಯರು ಮೇರೆಯೆಂದು ಬಗೆದರೋ ಅದನ್ನೇ ಇಂದಿನ ತರುಣರು ಗುರಿಯೆಂದು ಬಗೆಯುತ್ತಾರೆ. ಮುಂಜಾನೆ ಹೊರಟು, ಕಲ್ಲುಹಾದಿಯಲ್ಲಿ ಹತ್ತಾರು ಮೈಲಿ ನಡೆದು, ಸಂಜೆ ಮರಳುವ ಚಾರಣವು ಈಗ ಜೈನ ಮನೆಗಳಿಗೂ ಬಂದಿದೆ. ವ್ರತಿಕನಾದ ತಂದೆಯನ್ನು ಮಗನು ಜತೆಗೆ ಕರೆದಾಗ ತಂದೆ ಏನೆನ್ನಬೇಕು? ಈ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು. ವಿಚಾರಿಸಿದರೆ ವ್ರತದ ಮರ್ಮವನ್ನೇ ಮುಟ್ಟುತ್ತದೆ.

ಮೊದಲ ಆಕ್ಷೇಪ ಅನರ್ಥದಂಡ ವಿರತಿಯದು. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡವನ್ನು ಕಡಿಯುವುದು ಇವುಗಳೊಡನೆ, ವ್ಯರ್ಥವಾಗಿ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಆಚಾರ್ಯರು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಹೊಲಕ್ಕೆ ಹೋಗುವ ಒಕ್ಕಲಿಗನ ನಡಿಗೆಗೂ ಅಂಗಡಿಗೆ ಹೋಗುವ ವ್ಯಾಪಾರಿಯ ನಡಿಗೆಗೂ ಪ್ರಯೋಜನವುಂಟು. ಬೆಟ್ಟದ ತುದಿಯಲ್ಲಿ ಯಾರ ಹೊಲವೂ ಇಲ್ಲ, ಅಂಗಡಿಯೂ ಇಲ್ಲ. ಹಾಗಾದರೆ ಆ ನಡಿಗೆ ಅನರ್ಥವೇ ಅಲ್ಲವೇ?

ಇದಕ್ಕೆ ತೀರ್ಥಯಾತ್ರೆಯನ್ನು ಮುಂದಿಟ್ಟು ಉತ್ತರ ಹೇಳುವವರುಂಟು. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಸಮ್ಮೇದ ಶಿಖರಜಿಯಲ್ಲಿ ಏರುವುದು, ಟೋಂಕುಗಳ ವಂದನೆ, ಇಳಿಯುವುದು ಸೇರಿ ಸುಮಾರು 27 ಕಿಲೋಮೀಟರುಗಳ ನಡಿಗೆ ಒಂದೇ ದಿನದಲ್ಲಿ ಆಗುತ್ತದೆ. ಅದನ್ನು ಉಪವಾಸದಿಂದಲೇ ಪೂರೈಸುವ ಅಜ್ಜಿಯರಿದ್ದಾರೆ. ಅಲ್ಲಿ ನಡಿಗೆಗೆ ಅರ್ಥವಿದೆ, ಬೇರೆ ಬೆಟ್ಟದಲ್ಲಿ ಇಲ್ಲ ಎಂಬುದು ಈ ವಾದ. ಆ ಗಿರಿಯು ಪ್ರವಾಸಿತಾಣವಾಗಬಾರದೆಂದು ದೇಶದ ಜೈನ ಸಮಾಜವೆಲ್ಲ ಒಕ್ಕೊರಲಿನಿಂದ ಕೇಳಿದ್ದೂ, 2023ರ ಜನವರಿ 5ರಂದು ಕೇಂದ್ರ ಸರ್ಕಾರವು ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿದ್ದೂ ಎಲ್ಲರ ನೆನಪಿನಲ್ಲಿದೆ. ತೀರ್ಥಕ್ಕೂ ವಿಹಾರಕ್ಕೂ ಭೇದವುಂಟೆಂದು ಸಮಾಜವು ಲೋಕಕ್ಕೆ ಹೇಳಿತು. ಆ ಭೇದವು ಎಲ್ಲಿದೆಯೆಂಬುದನ್ನು ತನಗೆ ತಾನೂ ಹೇಳಿಕೊಳ್ಳಬೇಕಾಗಿದೆ.

ಭೇದವು ಕೇವಲ ಕ್ಷೇತ್ರದಲ್ಲಿದ್ದರೆ ಶಿಖರಜಿಯ ಹಾದಿಯಲ್ಲಿ ಹರಟುತ್ತ, ತಿನಿಸಿನ ಪೊಟ್ಟಣವನ್ನು ಎಸೆಯುತ್ತ ಹೋದವನ ನಡಿಗೆಯೂ ಸಾರ್ಥಕವೆನ್ನಬೇಕಾಗುತ್ತದೆ. ಬಿಸಿಲಿಗೆ ಅಂಜಿ ನಡುರಾತ್ರಿಯ ಕತ್ತಲಲ್ಲೇ ಏರತೊಡಗುವ ರೂಢಿಯೂ ಅಲ್ಲಿ ಉಂಟು. ಕಾಣದ ನೆಲವನ್ನು ತುಳಿದ ದೋಷವು ಕ್ಷೇತ್ರದ ಪಾವನತ್ವದಿಂದ ಮಾಯವಾಗುವುದಿಲ್ಲ. ಜೀವಿಯು ಸಾಯಲಿ ಬದುಕಲಿ, ಎಚ್ಚರವಿಲ್ಲದೆ ವರ್ತಿಸುವವನಿಗೆ ಹಿಂಸೆಯು ನಿಶ್ಚಿತವೆಂಬುದು ಕುಂದಕುಂದಾಚಾರ್ಯರ ಪ್ರವಚನಸಾರದ ಅಭಿಪ್ರಾಯ. ಆದ್ದರಿಂದ ನಡಿಗೆಯ ಅರ್ಥವನ್ನು ತೀರ್ಮಾನಿಸಲು ಬೆಟ್ಟದ ಹೆಸರೊಂದೇ ಸಾಲದು. ನಡೆಯುವವನ ಕಣ್ಣು ಎಲ್ಲಿದೆ, ಆ ನಡಿಗೆಯಿಂದ ಅವನಲ್ಲಿ ಏನು ಕಡಿಮೆಯಾಯಿತು ಎಂಬುದನ್ನೂ ನೋಡಬೇಕು.

ಶಹಾಪುರದ ಬೆಟ್ಟಸಾಲಿನಲ್ಲಿ ಒಂದು ದಿನದ ಹಾದಿಯನ್ನು ಹಿಡಿದ ಶ್ರಾವಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನು ಹೊರಡುವುದು ಸೂರ್ಯೋದಯವಾದ ಮೇಲೆ. ಮುನಿಗಳ ಈರ್ಯಾಸಮಿತಿಯು ಅವನಿಗೆ ವಿಧಿಸಿದ ಮಹಾವ್ರತದ ಅಂಗವಲ್ಲ. ಆದರೂ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ, ಜನರೂ ದನಗಳೂ ನಡೆದು ಸವೆದ ದಾರಿಯಲ್ಲೇ ಕಾಲಿಡುವ ಅಭ್ಯಾಸವನ್ನು ಅವನು ಅಲ್ಲಿಂದಲೇ ಕಲಿಯುತ್ತಾನೆ. ಬೆಟ್ಟದಲ್ಲಿ ಈ ಅಭ್ಯಾಸಕ್ಕೆ ಕೂಡಲೇ ಫಲವುಂಟು: ಬಂಡೆಯ ಸಂದಿಯ ಇರುವೆಸಾಲನ್ನು ಕಾಪಾಡುವ ನೋಟವೇ ಅವನ ಕಾಲನ್ನೂ ಕಾಪಾಡುತ್ತದೆ. ಬೇಸಿಗೆಯಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿಯನ್ನು ದಾಟುವುದರಿಂದ ನೀರಿನ ವಿಚಾರವೂ ಸುಲಭವಲ್ಲ. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಮರ್ಯಾದೆ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಕುದಿಸಿದ ನೀರನ್ನು ಹೊತ್ತವನು ಅಳೆದು ಕುಡಿಯುತ್ತಾನೆ. ದಾರಿಯ ಬಾವಿಯಿಂದ ಸೋಸಿಕೊಂಡವನು ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಅದೇ ಬಾವಿಗೆ ಮರಳಿಸಬೇಕು. ಅಷ್ಟು ಹೊತ್ತು ಬಾಯಾರಿಕೆಯು ಕಾಯಬೇಕು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯಬೇಕಾದ್ದರಿಂದ ಶಿಖರವು ಇನ್ನೂ ದೂರವಿರುವಾಗಲೇ ಹಿಂತಿರುಗಬೇಕಾಗಿ ಬರಬಹುದು. ಕಣ್ಣಿಗೆ ಕಾಣುವ ಶಿಖರವನ್ನು ಬಿಟ್ಟು ತಿರುಗುವ ಆ ಗಳಿಗೆಯು ಒಂದು ಹೊತ್ತಿನ ಅನಶನಕ್ಕಿಂತ ಕಡಿಮೆಯ ತ್ಯಾಗವೇನಲ್ಲ.

ಇಂತಹ ನಡಿಗೆಯು ಪ್ರಮಾದಚರ್ಯೆಯಲ್ಲ, ಪ್ರಮಾದವನ್ನು ಕಳೆಯುವ ಪಾಠ. ಅದೇ ಹಾದಿಯಲ್ಲಿ ಒಲೆ ಹೂಡಿ, ಹಸಿ ರೆಂಬೆಯನ್ನು ಮುರಿದು, ಕೂಗಿ ಹಕ್ಕಿಗಳನ್ನು ಬೆದರಿಸಿ ನಡೆದವನದು ಅನರ್ಥದಂಡವೇ ಸರಿ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ದಿಗ್ವ್ರತದ ಅತಿಚಾರಗಳಲ್ಲಿ ಮೊದಲನೆಯದು ಊರ್ಧ್ವವ್ಯತಿಕ್ರಮ, ಅಂದರೆ ಮೇಲಕ್ಕೆ ಏರಿ ಮೇರೆಯನ್ನು ಮೀರುವುದು. ದಿಗ್ವ್ರತದೊಳಗೇ ದಿನದ ಮಟ್ಟಿಗೆ ಇನ್ನೂ ಕಿರಿದಾದ ಮೇರೆಯನ್ನು ಇಟ್ಟುಕೊಳ್ಳುವುದು ದೇಶವ್ರತ. ನಮ್ಮ ಶ್ರಾವಕನು ಅಂದು ಬೆಟ್ಟದ ನೆತ್ತಿಯೇ ತನ್ನ ಮೇರೆಯೆಂದು ನಿಯಮ ಮಾಡಿದ್ದಾನೆನ್ನೋಣ. ನೆತ್ತಿಯಲ್ಲಿ ನಿಂತಾಗ ಆಚೆಯ ಇಳಿಜಾರಿನಿಂದ ಕುರಿಗಾಹಿ ಹುಡುಗನೊಬ್ಬನ ನರಳಾಟ ಕೇಳಿಸುತ್ತದೆ. ಕಾಲು ಜಾರಿ ಬಿದ್ದಿದ್ದಾನೆ. ಸುತ್ತ ಯಾರೂ ಇಲ್ಲ. ಶ್ರಾವಕನು ಮೇರೆಯನ್ನು ದಾಟಬೇಕೇ?

ಇಲ್ಲಿಂದಲೇ ಕೂಗಿ ಜನರನ್ನು ಕರೆದರಾಯಿತಲ್ಲ ಎಂದು ತೋರಬಹುದು. ಆದರೆ ತತ್ತ್ವಾರ್ಥಸೂತ್ರವು ದೇಶವ್ರತಕ್ಕೆ ಹೇಳಿದ ಐದು ಅತಿಚಾರಗಳನ್ನು ನೋಡಿದರೆ ಆ ದಾರಿಯೂ ಮುಚ್ಚಿದೆ. ಹೊರಗಿನಿಂದ ತರಿಸುವುದು, ಹೊರಕ್ಕೆ ಆಳನ್ನು ಕಳಿಸುವುದು, ದನಿಯೆತ್ತಿ ಗಮನ ಸೆಳೆಯುವುದು, ರೂಪವನ್ನು ತೋರಿ ಸನ್ನೆ ಮಾಡುವುದು, ಕಲ್ಲನ್ನೆಸೆದು ಸೂಚಿಸುವುದು ಇವೇ ಆ ಐದು. ಗೆರೆಯ ಒಳಗೆ ನಿಂತು ಗೆರೆಯ ಹೊರಗೆ ಕೆಲಸ ಮಾಡಿಸುವ ಜಾಣತನವನ್ನು ಸೂತ್ರಕಾರರು ಮೊದಲೇ ಕಂಡಿದ್ದರು. ಅಕ್ಷರದ ಮರೆಯಲ್ಲಿ ಅಡಗುವವನಿಗೆ ಅಕ್ಷರವೇ ಆಸರೆ ಕೊಡುವುದಿಲ್ಲ.

ಮೇರೆಯೆಂಬುದು ಹಗುರವಾದುದೆಂದೂ ಹೇಳಲಾಗದು. ಮೇರೆಯ ಹೊರಗೆ ಸೂಕ್ಷ್ಮ ಪಾಪವೂ ನಿಲ್ಲುವುದರಿಂದ ಅಲ್ಲಿ ಗೃಹಸ್ಥನ ಅಣುವ್ರತಗಳೇ ಮಹಾವ್ರತದ ಸ್ಥಿತಿಯನ್ನು ಹೊಂದುತ್ತವೆಯೆಂದು ಸಮಂತಭದ್ರರು ಅದರ ಮಹಿಮೆಯನ್ನು ಹೇಳಿದ್ದಾರೆ. ಹೀಗೆ ಮಹಿಮೆಯುಳ್ಳ ಮೇರೆಯನ್ನು ಅನುಕೂಲಕ್ಕಾಗಿ, ಲಾಭಕ್ಕಾಗಿ, ಕುತೂಹಲಕ್ಕಾಗಿ ಮೀರಬಾರದು. ಆದರೆ ಆ ಮಹಿಮೆ ಬಂದುದು ಎಲ್ಲಿಂದ? ಹೊರಗಿನ ಜೀವಿಗಳಿಗೆ ತನ್ನಿಂದ ನೋವಾಗದಿರಲಿ ಎಂಬ ಅಭಯದಿಂದ. ಆ ಅಭಯಕ್ಕೆ ಪಾತ್ರನಾದವನೇ ಆಚೆ ಬಿದ್ದು ನರಳುತ್ತಿರುವಾಗ, ತನ್ನ ವ್ರತ ಉಳಿಯಲೆಂದು ಬೆನ್ನು ತಿರುಗಿಸಿದವನು ಬೇಲಿಯನ್ನು ಕಾದು ಬೆಳೆಯನ್ನು ಕಳೆದುಕೊಂಡಂತೆ. ಈ ಅತಿಚಾರಗಳು ಪ್ರಮಾದ, ಮೋಹ, ವ್ಯಾಸಂಗಗಳಿಂದ ಆಗುವವೆಂದು ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿ ತಿಳಿಸುತ್ತದೆ. ಹುಡುಗನತ್ತ ಇಳಿಯುವವನಲ್ಲಿ ಈ ಮೂರರಲ್ಲಿ ಯಾವುದಿದೆ?

ಆದ್ದರಿಂದ ಅವನು ಇಳಿಯಬೇಕು. ಇಳಿಯುವಾಗಲೂ ನೆಲವನ್ನು ನೋಡಿಯೇ ಇಳಿಯಬೇಕು. ಹುಡುಗನಿಗೆ ನೀರು ಕೊಟ್ಟು, ಊರಿಗೆ ಮುಟ್ಟಿಸಿ, ಮತ್ತೆ ತನ್ನ ಮೇರೆಯೊಳಗೆ ಬರಬೇಕು. ದಯೆಯಿಂದ ದಾಟಿದೆನಾದ್ದರಿಂದ ಮೇರೆಯೇ ಮುರಿಯಲಿಲ್ಲ ಎಂದು ಅವನು ವಾದಿಸಲಾಗದು. ಮಾಡಿದ ನಿಯಮದ ಮಾತು ಮುರಿದಿದೆ. ಸಂಜೆಯ ಪ್ರತಿಕ್ರಮಣದಲ್ಲಿ ಅದನ್ನು ನೆನೆಯಬೇಕು, ಗುರುಗಳ ಸನ್ನಿಧಿ ದೊರೆತಾಗ ನಿವೇದಿಸಿ ಅವರು ಕೊಟ್ಟ ಪ್ರಾಯಶ್ಚಿತ್ತವನ್ನು ಸ್ವೀಕರಿಸಬೇಕು. ಮಾಡಿದ್ದು ಸರಿಯೆಂಬ ನೆಮ್ಮದಿಯೂ ಮೀರಿದೆನೆಂಬ ಒಪ್ಪಿಗೆಯೂ ಒಂದೇ ಹೃದಯದಲ್ಲಿ ಇರಬಲ್ಲವು. ಮೊದಲನೆಯದು ಮಾತ್ರ ಉಳಿದರೆ ಮುಂದಿನ ಸಲ ಸಣ್ಣ ನೆಪಕ್ಕೂ ಮೇರೆ ಮುರಿಯುತ್ತದೆ. ಎರಡನೆಯದು ಮಾತ್ರ ಉಳಿದರೆ ಮುಂದಿನ ಸಲ ಕೂಗು ಕೇಳಿದರೂ ಕಾಲು ಏಳುವುದಿಲ್ಲ. ವಿವೇಕಿಯಾದವನು ಇನ್ನೂ ಒಂದು ಪಾಠ ಕಲಿಯುತ್ತಾನೆ: ಮುಂದೆ ನಿಯಮವನ್ನು ಸ್ವೀಕರಿಸುವಾಗಲೇ, ಪರರ ಪ್ರಾಣಸಂಕಟದ ಹೊರತು ಎಂಬ ಮಾತನ್ನು ಗುರುಸಾಕ್ಷಿಯಾಗಿ ಸೇರಿಸಿಕೊಳ್ಳುತ್ತಾನೆ.

ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನರು ದೊಡ್ಡ ಕಲ್ಲುಗಳನ್ನು ಸಾಲುಸಾಲಾಗಿ ಅಳತೆಯಿಂದ ಇಟ್ಟಿದ್ದಾರೆ. ಅವರ ಉದ್ದೇಶ ಏನೇ ಇರಲಿ, ಬಯಲಿನಲ್ಲಿ ಅಳತೆಯನ್ನು ಮೂಡಿಸುವ ಹಂಬಲ ಮನುಷ್ಯನಿಗೆ ಬಹು ಹಳೆಯದು. ಶ್ರಾವಕನ ಮೇರೆಗೆ ಕಲ್ಲಿನ ಗುರುತೂ ಇಲ್ಲ, ಕಾವಲುಗಾರನೂ ಇಲ್ಲ. ಅವನು ದಾಟಿದರೆ ಕಾಣುವವನು ಅವನೊಬ್ಬನೇ.

ಮಗನು ಬೆಟ್ಟಕ್ಕೆ ಕರೆದಾಗ ತಂದೆಯು ಬೇಡವೆನ್ನಬೇಕಾಗಿಲ್ಲ. ಎಲ್ಲಿಯವರೆಗೆ, ಎಷ್ಟು ಹೊತ್ತಿನವರೆಗೆ, ಯಾವ ನೀರಿನೊಡನೆ ಎಂಬ ಮೂರು ಮಾತುಗಳನ್ನು ಹೊರಡುವ ಮೊದಲು ಇಬ್ಬರೂ ಕೂಡಿ ನಿಶ್ಚಯಿಸಲಿ. ಮಗನು ಮುಂದೆ ನಡೆಯಲಿ, ತಂದೆ ಹಿಂದೆ ನಡೆಯಲಿ; ಇಬ್ಬರ ದೃಷ್ಟಿಯೂ ನೆಲದ ಮೇಲಿರಲಿ. ಕಿವಿಗಳು ಮಾತ್ರ ಮೇರೆಯ ಆಚೆಗೂ ತೆರೆದಿರಲಿ.