ಐದನೆಯ ಕಾರಣ

2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮ ಕುಸಿದು, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ ಅದರಡಿ ಸಿಲುಕಿತು. 27 ಮಂದಿಯ ಶವ ಸಿಕ್ಕಿತು, ಇಬ್ಬರು ಕಣ್ಮರೆಯಾದರು. ಇಂಥ ಸಾವಿನ ಸುದ್ದಿ ಬಂದಾಗಲೆಲ್ಲ ನಮ್ಮ ಬಾಯಿಗೆ ಮೊದಲು ಬರುವ ಮಾತು ‘ಹಣೆಬರಹ’. ದುಃಖದಲ್ಲಿರುವ ಮನೆಯವರಿಗೆ ಆ ಮಾತು ಆಸರೆಯಾದರೆ ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆದರೆ ಬೆಟ್ಟ ಹತ್ತಲು ಹೊರಟವರೇ, ಹತ್ತುವ ಮುನ್ನವೇ ಹಾಗೆಂದರೆ, ಅದು ಭಕ್ತಿಯ ವೇಷ ತೊಟ್ಟ ಹೊಣೆಗೇಡಿತನ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮಕ್ಕೂ ಐದು ಕಾರಣ ಹೇಳುತ್ತದೆ: ನೆಲೆಯಾದ ಅಧಿಷ್ಠಾನ, ಮಾಡುವ ಕರ್ತೃ, ಸಾಧನವಾದ ಕರಣ, ಪ್ರಯತ್ನವೆಂಬ ಚೇಷ್ಟೆ, ಐದನೆಯದಾಗಿ ದೈವ. ದೈವವನ್ನು ಅದು ಕೈಬಿಟ್ಟಿಲ್ಲ. ಉಳಿದ ನಾಲ್ಕನ್ನು ದೈವ ನುಂಗಿಹಾಕಲೂ ಬಿಟ್ಟಿಲ್ಲ.

ಹಿಮದ ನಡೆ ನೋಡಿದರೆ ಈ ಲೆಕ್ಕ ಎಷ್ಟು ಸರಿ ಎಂಬುದು ತಿಳಿಯುತ್ತದೆ. ಇಳಿಜಾರಿನ ಹಿಮವನ್ನು ಸಲಿಕೆಯಿಂದ ನೆಟ್ಟಗೆ ಕಡಿದರೆ ಆ ಚಳಿಗಾಲದ ಗಾಳಿ, ಬಿಸಿಲು, ಮಂಜು ಎಲ್ಲವೂ ಪದರ ಪದರವಾಗಿ ಕಾಣುತ್ತವೆ. ಮೇಲೆ ಗಾಳಿ ಒತ್ತಿ ಬಿಗಿದ ಗಟ್ಟಿ ಪದರ. ಅದರ ಕೆಳಗೆ, ಕೆಲವೊಮ್ಮೆ ನೆಲಕ್ಕೆ ತಾಗಿದಂತೆ, ದಪ್ಪ ಸಕ್ಕರೆಯ ಹಾಗೆ ಬೆರಳ ಸಂದಿಯಲ್ಲಿ ಉದುರಿಹೋಗುವ ಹರಳುಗಳು. ಒಂದಕ್ಕೊಂದು ಅಂಟದ ಈ ಹರಳುಗಳು ವಾರಗಟ್ಟಲೆ ಭಾರ ಹೊತ್ತಿದ್ದು, ಒಬ್ಬ ಮನುಷ್ಯ ಕಾಲಿಟ್ಟ ಗಳಿಗೆಯಲ್ಲಿ ಕುಸಿಯಬಲ್ಲವು. ಇಂಥ ಕುಸಿತ ಬಹುಪಾಲು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲೇ ಆಗುತ್ತದೆ. ಚಾರಣಿಗರನ್ನು, ಸ್ಕೀ ಮಾಡುವವರನ್ನು ಬಲಿ ತೆಗೆದುಕೊಳ್ಳುವ ಕುಸಿತಗಳಲ್ಲಿ ಹೆಚ್ಚಿನವು ಅವರದೋ ಜೊತೆಯವರದೋ ತುಳಿತದಿಂದಲೇ ಶುರುವಾದಂಥವು. ಕೋನ ಅಳೆಯಬಹುದು, ಹೊಸ ಹಿಮ ಬಿದ್ದ ಮೇಲೆ ಕಾಯಬಹುದು, ಕಾಲಡಿ ಧಸಕ್ಕೆಂದರೆ ಹಿಂದಿರುಗಬಹುದು. ಇವೆಲ್ಲ ಕರ್ತೃವಿನ ಪಾಲು.

ಪಳಗಿದವರೂ ಸಾಯುತ್ತಾರಲ್ಲ ಎಂದು ಕೇಳಬಹುದು. ನಿಜ. ಹತ್ತು ಹೆಜ್ಜೆ ಆಚೆಗೆ ಹಿಮದ ಪದರವೇ ಬೇರೆಯಾಗಿರಬಹುದು. ಅರಿವು ಎಂದೂ ಪೂರ್ತಿಯಾಗದು. ದೈವಕ್ಕೆ ಇರುವ ಜಾಗ ಅದು, ಅಲ್ಲಿ ನಾನೂ ತಲೆಬಾಗುತ್ತೇನೆ. ಆದರೆ ತಿಳಿಯದ ಭಾಗ ದೊಡ್ಡದಾದಷ್ಟೂ ಅಪಾಯದಿಂದ ದೂರ ನಿಲ್ಲಬೇಕಾದ ಅಂತರವೂ ದೊಡ್ಡದಾಗಬೇಕು. ಉಳಿಯುವವರನ್ನು ದೈವವೇ ಉಳಿಸುತ್ತದೆ ಎಂಬ ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಹಿಮದಡಿ ಹೂತವರು ಬದುಕುವ ಸಾಧ್ಯತೆ ಮೊದಲ ಕಾಲು ಗಂಟೆ ಕಳೆದರೆ ಸರ್ರನೆ ಇಳಿಯುತ್ತದೆ. ಹಾಗಿದ್ದೂ 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹೂತುಹೋದ ಹತ್ತು ಮಂದಿ ಯೋಧರ ಪೈಕಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತ ಸಿಕ್ಕರು. ಅವರೊಬ್ಬರೇ ಏಕೆ ಎಂಬುದಕ್ಕೆ ವಿಜ್ಞಾನ ಉತ್ತರ ಕೊಡದು. ಪವಾಡ ಎಂದವರೊಡನೆ ನನಗೆ ಜಗಳವಿಲ್ಲ. ಆದರೆ ಸಹಯೋಧರು ಆಸೆ ಬಿಡದೆ, ನಾಯಿಗಳನ್ನು ಜೊತೆಗಿಟ್ಟುಕೊಂಡು, ಹೆಪ್ಪುಗಟ್ಟಿದ ಹಿಮವನ್ನು ಕೊರೆಯದೇ ಹೋಗಿದ್ದರೆ ಆ ಪವಾಡ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫೆಬ್ರವರಿ 11ರಂದು ಹನುಮಂತಪ್ಪ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ಕಾವಲಿಗೆ ನಿಂತ ಸೈನಿಕನಿಗೆ ಇಳಿದು ಬರುವ ಆಯ್ಕೆ ಇರಲಿಲ್ಲ. ರಜೆ ಹಾಕಿ ಹಿಮಾಲಯಕ್ಕೆ ಹೊರಡುವ ನಮ್ಮ ಚಾರಣಿಗರಿಗೆ ಅದು ಇದೆ. ಹೊರಡುವ ಬೆಳಗ್ಗೆ ಮಾರ್ಗದರ್ಶಕರನ್ನು ಕೇಳಿ: ಕಳೆದ ಮೂರು ದಿನಗಳಲ್ಲಿ ಎಷ್ಟು ಹಿಮ ಬಿತ್ತು, ಗಾಳಿ ಯಾವ ಕಡೆಯಿಂದ ಬೀಸಿತು, ನಾವು ದಾಟುವ ಇಳಿಜಾರು ಎಷ್ಟು ಡಿಗ್ರಿ? ಉತ್ತರ ಸಿಗದಿದ್ದರೆ ಅಂದು ಹತ್ತಬೇಡಿ.