ಉಪ್ಪು ಬಿಡಲಾಗದವರ ವ್ರತ

ವ್ರತದ ದಿನ ಸಪ್ಪೆ ಉಣ್ಣುವುದು ನಮ್ಮಲ್ಲಿ ಹಳೆಯ ರೂಢಿ. ಭಾನುವಾರ ಸೂರ್ಯನ ಹೆಸರಿನಲ್ಲಿ ಉಪ್ಪು ಬಿಡುವವರಿದ್ದಾರೆ. ಜೈನರ ಆರು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗ ಒಂದು. ಬಿಡಬೇಕಾದ ರಸಗಳಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲದ ಜೊತೆಗೆ ಉಪ್ಪನ್ನೂ ದಿಗಂಬರ ಸಂಪ್ರದಾಯ ಎಣಿಸುತ್ತದೆ. ಹೀಗಿರುವಾಗ, ಹೆಚ್ಚು ಉಪ್ಪು ತಿನ್ನಬೇಕೆಂದು ವೈದ್ಯರೇ ಹೇಳಿದವರು ಏನು ಮಾಡಬೇಕು? ಅವರು ಉಪ್ಪು ತಿಂದರೆ ವ್ರತ ಕೆಡುವುದಿಲ್ಲ ಎಂಬುದು ನನ್ನ ವಾದ.

ಮೊದಲು ದೇಹದ ಮಾತು. ಎದ್ದು ನಿಂತ ಕೂಡಲೇ ಅರ್ಧ ಲೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ರಕ್ತ ಹೊಟ್ಟೆಗೂ ಕಾಲಿಗೂ ಇಳಿಯುತ್ತದೆ. ಆರೋಗ್ಯವಂತರಲ್ಲಿ ರಕ್ತನಾಳಗಳು ಬಿಗಿದು ಇದನ್ನು ಸರಿದೂಗಿಸುತ್ತವೆ. ವೈದ್ಯರು ಪಾಟ್ಸ್ ಎಂದು ಕರೆಯುವ ತೊಂದರೆಯಲ್ಲಿ, ನಿಂತ 10 ನಿಮಿಷದೊಳಗೆ ವಯಸ್ಕರ ಎದೆಬಡಿತ ನಿಮಿಷಕ್ಕೆ 30ರಷ್ಟಾದರೂ ಏರುತ್ತದೆ. ತಲೆ ಸುತ್ತಿ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಇವರಲ್ಲಿ ಹಲವರಿಗೆ ಮೈಯೊಳಗಿನ ರಕ್ತದ ಪ್ರಮಾಣವೇ ಕಡಿಮೆ. ಉಪ್ಪಿನ ಸೋಡಿಯಂ ನೀರನ್ನು ಹಿಡಿದಿಟ್ಟು ಆ ಪ್ರಮಾಣವನ್ನು ಹಿಗ್ಗಿಸುತ್ತದೆ. ಅಮೆರಿಕದ ಹಾರ್ಟ್ ರಿದಮ್ ಸೊಸೈಟಿ 2015ರಲ್ಲಿ ಪ್ರಕಟಿಸಿದ ತಜ್ಞರ ಹೇಳಿಕೆಯಲ್ಲಿ ದಿನಕ್ಕೆ 10ರಿಂದ 12 ಗ್ರಾಂ ಉಪ್ಪು, 2ರಿಂದ 3 ಲೀಟರ್ ನೀರು ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿದ 5 ಗ್ರಾಂ ಮಿತಿಗೆ ಇದು ಎರಡು ಪಟ್ಟಿಗಿಂತ ಕಡಿಮೆಯೇನಲ್ಲ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಉಪ್ಪು ಹೆಚ್ಚಿಸಿದಾಗ ರೋಗಿಗಳ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೆಚ್ಚಿತು, ನಿಂತಾಗಿನ ಎದೆಬಡಿತದ ಏರಿಕೆ ತಗ್ಗಿತು, ಪೂರ್ತಿ ಸರಿಹೋಗಲಿಲ್ಲ. ಪ್ರಯೋಗ ಚಿಕ್ಕದು, ಆದರೂ ಅದು ತೋರಿಸುವ ದಿಕ್ಕು ಸ್ಪಷ್ಟ.

ಉಪ್ಪು ಬಿಡುವ ವ್ರತ ಯಾವುದರ ವಿರುದ್ಧ? ನಾಲಿಗೆಯ ಚಪಲದ ವಿರುದ್ಧ. ಗೀತೆಯ 17ನೆಯ ಅಧ್ಯಾಯ ಅತಿಯಾದ ಉಪ್ಪನ್ನು ರಾಜಸರ ಪ್ರಿಯ ಆಹಾರವೆನ್ನುವಾಗಲೂ ಅಲ್ಲಿ ದೋಷ ಇರುವುದು ಆ ಪ್ರೀತಿಯಲ್ಲಿ. ಬಾಯಿಗೆ ಹಿತವಾಗದಷ್ಟು ಉಪ್ಪನ್ನು ಅಳೆದು ನುಂಗುವವರಿಗೆ ಯಾವ ಚಪಲ? ಉದ್ಯೋಗಪರ್ವದಲ್ಲಿ ವಿದುರ ಎಣಿಸುವ, ವ್ರತವನ್ನು ಕೆಡಿಸದ ಎಂಟು ಸಂಗತಿಗಳಲ್ಲಿ ಔಷಧವೂ ಇದೆ. ದೇಹದಂಡನೆಯೇ ತಪಸ್ಸಲ್ಲವೇ, ತಲೆಸುತ್ತನ್ನೂ ಸಹಿಸಲಿ ಎಂಬ ಆಕ್ಷೇಪ ಗಟ್ಟಿಯಾದದ್ದು. ಕಾಯಕ್ಲೇಶವೂ ಜೈನರ ಬಾಹ್ಯ ತಪಸ್ಸುಗಳಲ್ಲಿದೆ. ಆದರೆ ತ್ಯಾಗವೂ ತಪಸ್ಸೂ ಶಕ್ತಿಗೆ ತಕ್ಕಂತಿರಬೇಕೆಂದು ತತ್ತ್ವಾರ್ಥಸೂತ್ರವೇ ಹೇಳುತ್ತದೆ. ಶಾಸ್ತ್ರ ವಿಧಿಸದ ಘೋರ ತಪಸ್ಸಿನಿಂದ ದೇಹವನ್ನು ಪೀಡಿಸುವವರನ್ನು ಗೀತೆ ಆಸುರ ನಿಶ್ಚಯದವರೆಂದು ಕರೆಯುತ್ತದೆ. ಪ್ರಜ್ಞೆ ತಪ್ಪಿ ಬಿದ್ದವರು ಜಪವನ್ನಾದರೂ ಹೇಗೆ ಮಾಡಿಯಾರು?

ಇನ್ನೊಂದು ಅಂಜಿಕೆ: ಔಷಧದ ನೆಪ ಸಿಕ್ಕರೆ ಯಾರೂ ವ್ರತ ಉಳಿಸಿಕೊಳ್ಳಲಾರರು ಎಂಬುದು. ನೆಪಕ್ಕೂ ಔಷಧಕ್ಕೂ ವ್ಯತ್ಯಾಸ ತಿಳಿಯುವುದು ಅಳತೆಯಿಂದ. ಈ ಉಪ್ಪನ್ನು ತಪಾಸಣೆ ಮಾಡಿದ ವೈದ್ಯರು ಗೊತ್ತುಮಾಡಬೇಕು; ರಕ್ತದೊತ್ತಡ ಹೆಚ್ಚಿರುವವರಿಗೆ, ಹೃದಯ ಸೋತವರಿಗೆ, ಮೂತ್ರಪಿಂಡದ ರೋಗಿಗಳಿಗೆ ಇದೇ ಉಪ್ಪು ಅಪಾಯ. ವ್ರತದ ಊಟದಲ್ಲಿ ಉಪ್ಪು ಹೊಸದೂ ಅಲ್ಲ: ಏಕಾದಶಿಗೆ ಸೈಂಧವ ಲವಣ ಬಳಸುವ ಮನೆಗಳು ಬೇಕಾದಷ್ಟಿವೆ, ಅದೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ತ್ಯಾಗ ಬೇಕೇ ಬೇಕೆನ್ನುವವರು ಸಿಹಿಯನ್ನೋ ತುಪ್ಪವನ್ನೋ ಬಿಡಲಿ. ಮನೆಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಸೊಸೆಯೋ ಮಗಳೋ ವ್ರತದ ದಿನ ಉಪ್ಪು ಬೆರೆಸಿದ ಮಜ್ಜಿಗೆ ಕುಡಿದರೆ ಅವಳ ಭಕ್ತಿಯನ್ನು ಶಂಕಿಸಬೇಡಿ.